ಬಿಡಿಸಲು ಯಾರು ಬರುತ್ತಾರೆ?

ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಅವರ ಶಿಕಾಗೊ ಅಧ್ಯಯನದ ಬಗ್ಗೆ ನಿಮ್ಮ ಲೇಖನ ಓದಿದೆ. ನಮ್ಮ ಓಣಿಯ ಖಾಲಿ ಪ್ಲಾಟಿನಲ್ಲಿ ಹದಿನಾರರ ಹುಡುಗರು ತಲವಾರ್‌ನಿಂದ ಕೇಕ್ ಕತ್ತರಿಸುತ್ತಾರೆ. ವಾರಕ್ಕೊಂದು ಹೊಡೆದಾಟ. ಬಡತನ ಒಂದು ಕಾರಣ, ಆ ಜನರೇ ಹಾಗೆ ಎನ್ನುವುದು ಇನ್ನೊಂದು. ಆ ಅಧ್ಯಯನದಿಂದ ನಮಗೇನು ಉಪಯೋಗ?’

ಪ್ರಿಯ ಓದುಗರೆ,

ಬಡತನ ಕಾರಣವಲ್ಲ ಎಂದು ಸ್ಯಾಂಪ್ಸನ್ ಹೇಳಿಲ್ಲ. ಅದು ಯಾವ ದಾರಿಯಿಂದ ಹುಡುಗರನ್ನು ಮುಟ್ಟುತ್ತದೆ ಎಂದು ಹುಡುಕಿದರು. 1995ರಲ್ಲಿ ಶಿಕಾಗೊದ 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತಾಡಿಸಲಾಯಿತು. ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಪ್ರಶ್ನೆಗಳು ಬಹಳ ಸಾದಾ. ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತರೆ, ಹಿರಿಯರಿಗೆ ಎದುರಾಡಿದರೆ, ಮನೆ ಮುಂದೆ ಹೊಡೆದಾಟವಾದರೆ ನೆರೆಯವರು ನಡುವೆ ಬರುತ್ತಾರೆಯೇ? ಇಲ್ಲಿನವರನ್ನು ನಂಬಬಹುದೇ? ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಈ ಭರವಸೆ ಗಟ್ಟಿಯಿದ್ದ ಕಡೆ ಹಿಂಸೆ ಕಡಿಮೆಯಿತ್ತು. ಬಡತನ ಒತ್ತೊತ್ತಾಗಿ, ಜನ ಮೇಲಿಂದ ಮೇಲೆ ಮನೆ ಬದಲಿಸುತ್ತಿದ್ದ ಕಡೆ ಭರವಸೆಯೇ ತೆಳುವಾಗಿತ್ತು. ಅರ್ಧ ಮನೆಗಳು ಗುಳೆ ಹೋಗಿ ಬೀಗ ಬಿದ್ದ ಓಣಿಯಲ್ಲಿ ಯಾರ ಹುಡುಗ ಯಾರೆಂದೇ ತಿಳಿಯದಿದ್ದರೆ ಗದರಿಸುವವರು ಯಾರು?

‘ಆ ಜನರೇ ಹಾಗೆ’ ಎಂಬುದನ್ನು ನಾವು ಒಪ್ಪುವುದಿಲ್ಲ. ಅದೇ ಶಿಕಾಗೊದಲ್ಲಿ ಸಮಾಜಶಾಸ್ತ್ರಜ್ಞರಾದ ಶಾ ಮತ್ತು ಮೆಕೇ 1942ರಲ್ಲೇ ತೋರಿಸಿದ್ದರು: ಕೆಲವು ಬಡಾವಣೆಗಳಲ್ಲಿ ಒಂದು ವಲಸಿಗ ಸಮುದಾಯ ಹೋಗಿ ಇನ್ನೊಂದು ಬಂದರೂ ಬಾಲಾಪರಾಧ ಹೆಚ್ಚಾಗಿಯೇ ಉಳಿದಿತ್ತು.

ಇನ್ನು ಉಪಯೋಗ. ನಿಮ್ಮ ಓಣಿಯನ್ನೇ ಅಳೆಯಿರಿ. 120 ಮನೆಗಳಿದ್ದರೆ ಪ್ರತಿ ಮೂರನೆಯದರಲ್ಲಿ, ಒಟ್ಟು 40ರಲ್ಲಿ, ಮೇಲಿನ ಪ್ರಶ್ನೆಗಳನ್ನೇ ಕೇಳಿ. ಒಂದು ಮನೆಯಲ್ಲಿ ಗಂಡಸರು, ಮುಂದಿನದರಲ್ಲಿ ಹೆಣ್ಣುಮಕ್ಕಳು. ಹಗಲು ಓಣಿಯಲ್ಲಿ ನಡೆಯುವುದನ್ನು ನೋಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಉತ್ತರಕ್ಕೆ 1ರಿಂದ 5 ಅಂಕ, ಭರವಸೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ‘ನೀವು ಬಿಡಿಸ್ತೀರೇನು?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಬಾಜೂ ಮನಿಯವರು ಬಿಡಿಸ್ಲಿಕ್ಕ ಬರ್ತಾರೇನ್ರಿ?’ ಎಂದು ಕೇಳಿ. ಬೀಗವಿದ್ದರೆ ಪಕ್ಕದ ಮನೆ ಹಿಡಿಯಬೇಡಿ, ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ. ಇಲ್ಲವಾದರೆ ದಿನಗೂಲಿಯವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಹುಡುಗರ ಹೆಸರು ಬರೆಯಲೇಬೇಡಿ. ಆ ಹಾಳೆ ಇನ್ನೊಬ್ಬರ ಕೈಗೆ ಸಿಕ್ಕರೆ ಅದೇ ಹೊಸ ಜಗಳ.

ಅಂಕ ಕೂಡಿಸುವಾಗ ನಂಬಿಕೆಯ ಪ್ರಶ್ನೆಗಳನ್ನೂ ಬಿಡಿಸುವ ಪ್ರಶ್ನೆಗಳನ್ನೂ ಮೊದಲು ಬೇರೆ ಬೇರೆ ನೋಡಿ. ಮೊದಲನೆಯದಕ್ಕೆ 5, ಎರಡನೆಯದಕ್ಕೆ 2 ಬಂದರೆ ಅಚ್ಚರಿಯಿಲ್ಲ. ಎಲ್ಲರೂ ಬೀಗರು-ಬಿಜ್ಜರೇ ಆಗಿರುವ ಓಣಿಯಲ್ಲಿ ಕಾಕಾನೇ ಹುಡುಗನನ್ನು ಬಚ್ಚಿಡಬಹುದು. ನಂಟು ಬೇರೆ, ಹೊಣೆ ಬೇರೆ. ನಾಲ್ವರು ಸೇರಿ ಹುಡುಗನನ್ನು ಕಂಬಕ್ಕೆ ಕಟ್ಟಿ ಬಡಿಯುವುದಂತೂ ಹೊಣೆಯಲ್ಲ, ಅದೂ ಹಿಂಸೆಯೇ. ವಿಷಯ ಕೈಮೀರಿದರೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ತಿಳಿಸಿ; 18ರೊಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅಂಥವರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡಬೇಡಿ. ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ.

ನೀವು ಹೇಳಿದ ಖಾಲಿ ಪ್ಲಾಟಿನಿಂದ ಕೆಲಸ ಶುರು ಮಾಡಬಹುದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಇಂಥ 541 ಪ್ಲಾಟುಗಳನ್ನು ಆಯ್ದು, ಚೀಟಿ ಎತ್ತಿದಂತೆ ಕೆಲವನ್ನು ಹಸನು ಮಾಡಿ ಹುಲ್ಲು, ಗಿಡ ಹಚ್ಚಿ ಗಿಡ್ಡ ಕಟ್ಟಿಗೆ ಬೇಲಿ ಹಾಕಿದರು. ಕೆಲವನ್ನು ಹಾಗೇ ಬಿಟ್ಟರು. ಹಸನು ಮಾಡಿದ ಕಡೆ, ಬಡ ನೆರೆಹೊರೆಗಳಲ್ಲಿ ಬಂದೂಕಿನ ಹಿಂಸೆ 29% ತಗ್ಗಿತೆಂದು 2018ರಲ್ಲಿ ವರದಿಯಾಯಿತು. ಪ್ಲಾಟಿನ ಮಾಲೀಕರ ಒಪ್ಪಿಗೆ ಕಾಗದದಲ್ಲಿ ಪಡೆದು ಜಾಲಿ ಕಡಿಸಿ. ಬೇಲಿ ಸೊಂಟದೆತ್ತರ ಮೀರದಿರಲಿ, ಎದುರು ಮನೆಯ ಕಟ್ಟೆಯಿಂದ ಒಳಗೆಲ್ಲ ಕಾಣಬೇಕು. ಆರು ತಿಂಗಳಿಗೆ ಅದೇ 40 ಮನೆಗಳಿಗೆ ಅದೇ ಪ್ರಶ್ನೆ ಹಿಡಿದು ಹೋಗಿ, ಬಂದ ಅಂಕ ನಮಗೂ ಕಳಿಸಿ.

– ಸಂಪಾದಕ