ಅಜ್ಜಿಯ ಮೆಥೋಡಿಸ್ಟ್ ಸಭೆ, ಅಯ್ಯನವರ ವರ್ಗಾವಣೆ

ಮಂಡ್ಯದ ಓದುಗರೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಅವರ ಅಜ್ಜಿ ಕೊನೆಯವರೆಗೂ 'ನಾವು ಮೆಥೋಡಿಸ್ಟರು' ಎಂದೇ ಹೇಳಿಕೊಳ್ಳುತ್ತಿದ್ದರಂತೆ, ದೇವಾಲಯದ ಬೋರ್ಡಿನ ಮೇಲೆ ಮಾತ್ರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಎಂದರೆ ದಕ್ಷಿಣ ಭಾರತ ಸಭೆ) ಎಂದಿದೆ, ಹಾಗಾದರೆ ನಾವು ಯಾರು ಎಂಬುದು ಅವರ ಮೊದಲ ಪ್ರಶ್ನೆ. ಹಾಸಿಗೆ ಹಿಡಿದ ತಾಯಿಯನ್ನು ವಾರ ತಪ್ಪದೆ ನೋಡಿಹೋಗುತ್ತಿದ್ದ ಅಯ್ಯನವರನ್ನು, ಎಂದರೆ ಸಭಾಪಾಲಕರನ್ನು, ವರ್ಗ ಮಾಡಿದ್ದು ನ್ಯಾಯವೇ ಎಂಬುದು ಎರಡನೆಯದು. ಶಿಶುವಾಗಿದ್ದಾಗ ಆದ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಲೆಕ್ಕಕ್ಕಿಲ್ಲ, ನೀರಿನಲ್ಲಿ ಮುಳುಗಿ ಮತ್ತೆ ಮಾಡಿಸಿಕೊಳ್ಳಬೇಕು ಎಂದು ಅವರ ಮಗನಿಗೆ ಯಾರೋ ಹೇಳಿದ್ದಾರೆ. ಅದು ನಿಜವೇ ಎಂಬುದು ಮೂರನೆಯದು.

ಸೋದರಿ, ತಮ್ಮ ಅಜ್ಜಿ ಹೇಳಿದ್ದೂ ಸರಿ, ಬೋರ್ಡಿನ ಮೇಲಿರುವುದೂ ಸರಿ. ಮೈಸೂರು ಸೀಮೆಗೆ ಬಂದವರು ಜಾನ್ ವೆಸ್ಲಿಯವರ ಹಾದಿಯಲ್ಲಿ ನಡೆದ ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟ್ ಮಿಷನರಿಗಳು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಊರಿನವರೆಲ್ಲ ಇಂದಿಗೂ 'ಮಿಷನ್ ಆಸ್ಪತ್ರೆ' ಎನ್ನುವ, 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅವರದೇ ಕೆಲಸ. ಹಾರ್ಡ್ವಿಕ್ ಶಾಲೆಯೂ, 1887ರಲ್ಲಿ ಆರಂಭವಾದ 'ವೃತ್ತಾಂತ ಪತ್ರಿಕೆ'ಯೂ, ಅದನ್ನು ಅಚ್ಚುಹಾಕುತ್ತಿದ್ದ ಅಚ್ಚುಕೂಟವೂ ಅವರವೇ. ಕನ್ನಡದಲ್ಲಿ ಪತ್ರಿಕೆ ನಡೆಸುವ ನನ್ನಂಥವನಿಗೆ ಆ ಅಚ್ಚುಕೂಟದ ಋಣ ದೊಡ್ಡದು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜರ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಯ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ನಮ್ಮ ಸೀಮೆಯ ವೆಸ್ಲಿಯನ್ ಸಭೆಗಳೂ ಅದರೊಳಗೆ ಸೇರಿದವು. ಬೆಂಗಳೂರು, ಕೋಲಾರ, ಬೆಳಗಾವಿ, ಬೀದರ್‌ಗಳ ಕಡೆ ಇಂದಿಗೂ ಮೆಥೋಡಿಸ್ಟ್ ಎಂಬ ಹೆಸರಿನಲ್ಲೇ ನಡೆಯುತ್ತಿರುವ ಸಭೆಗಳ ಮೂಲ ಅಮೆರಿಕದ್ದು; ಅವು ಆ ಐಕ್ಯಕ್ಕೆ ಸೇರಲಿಲ್ಲ, 1981ರಲ್ಲಿ ಸ್ವತಂತ್ರ ಸಭೆಯಾದವು. ಇಷ್ಟು ಸಾಕು, ಹೆಸರಿನ ವಿಚಾರ ನಿಜವಾಗಿ ಚಿಕ್ಕದು.

ವರ್ಗಾವಣೆಯ ವಿಚಾರ ಚಿಕ್ಕದಲ್ಲ. ತಾವು ಅದನ್ನು ನೊಂದು ಬರೆದಿದ್ದೀರಿ. ಅಂಥ ಸಭಾಪಾಲಕರು ಹೊರಟು ನಿಂತ ದಿನ ಮನೆಯವರೇ ಊರು ಬಿಟ್ಟ ಹಾಗಾಗುತ್ತದೆ ಎಂಬುದನ್ನು ನಾನೂ ಬಲ್ಲೆ. ಆದರೆ ಈ ಪದ್ಧತಿ ಕಚೇರಿಯ ಅನುಕೂಲಕ್ಕೆ ಹುಟ್ಟಿದ್ದಲ್ಲ, ನಂಬಿಕೆಯೊಳಗಿಂದ ಹುಟ್ಟಿದ್ದು. ಜಾನ್ ವೆಸ್ಲಿಯವರು (1703–1791) ಆಂಗ್ಲಿಕನ್ ಪಾದ್ರಿಯಾಗಿದ್ದರೂ ಒಂದು ದೇವಾಲಯಕ್ಕೆ ಅಂಟಿಕೊಳ್ಳದೆ, 1739ರಲ್ಲಿ ಬ್ರಿಸ್ಟಲ್ ಸಮೀಪದ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಿನಲ್ಲಿ ನಿಂತು ಬೋಧಿಸಿದರು. ದೇವರ ಕೃಪೆ ಆಯ್ದ ಕೆಲವರಿಗಲ್ಲ, ಎಲ್ಲರಿಗೂ ಉಂಟು ಎಂದು ನಂಬಿದವನು ಎಲ್ಲರ ಬಳಿಗೂ ಹೋಗಲೇಬೇಕಲ್ಲವೇ? ಅವರು ತಮ್ಮ ಬೋಧಕರನ್ನೂ ಹಾಗೆಯೇ ಊರಿಂದೂರಿಗೆ ಕಳಿಸಿದರು. ಆದ್ದರಿಂದ ಈ ಪರಂಪರೆಯಲ್ಲಿ ಸಭಾಪಾಲಕರು ಕಳುಹಿಸಲ್ಪಟ್ಟವರು. ಒಂದು ಊರಿನ ಆಸ್ತಿಯೂ ಅಲ್ಲ, ಆ ಊರಿನ ಯಜಮಾನರೂ ಅಲ್ಲ. ನಮ್ಮಲ್ಲಿ ಬಿಷಪ್ಪರೂ ಅವರ ಜೊತೆಗಿನ ಸಮಿತಿಯೂ ಕೂತು ವರ್ಗಾವಣೆಯನ್ನು ತೀರ್ಮಾನಿಸುತ್ತಾರೆ. ಆ ತೀರ್ಮಾನದಲ್ಲಿ ತಪ್ಪೇ ಆಗುವುದಿಲ್ಲವೆಂದು ನಾನು ಹೇಳಲಾರೆ. ರೋಗಿಗಳ ಪಟ್ಟಿಯನ್ನು ಹೊಸಬರ ಕೈಗೆ ಒಪ್ಪಿಸದೆ ಅಯ್ಯನವರನ್ನು ಕಳಿಸಿಕೊಟ್ಟಿದ್ದರೆ ಅದು ಖಂಡಿತ ತಪ್ಪೇ, ಅದನ್ನು ತಾವು ಸಭೆಯ ಕಮಿಟಿಯಲ್ಲಿ ಬಾಯಿಬಿಟ್ಟು ಹೇಳಬೇಕು.

ಬೋಧಕರು ಹೀಗೆ ಹೋಗಿಬಿಟ್ಟರೆ ಮನೆಗಳನ್ನು ನೋಡುವವರು ಯಾರು ಎಂಬ ಪ್ರಶ್ನೆ ವೆಸ್ಲಿಯವರ ಕಾಲದಲ್ಲೇ ಎದುರಾಗಿತ್ತು, ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ಸಾಲದ ನೆಪದಲ್ಲಿ. 1742ರಲ್ಲಿ ಬ್ರಿಸ್ಟಲ್‌ನ ಸಭಾಮಂದಿರದ ಸಾಲ ತೀರಿಸಲು ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡುವುದೆಂದು, ಹನ್ನೆರಡು ಮಂದಿಗೆ ಒಬ್ಬ ವಸೂಲಿ ಮಾಡುವುದೆಂದು, ಬಡವರು ಕೊಡಲಾಗದಿದ್ದರೆ ಆ ಪೆನ್ನಿಯನ್ನು ಅವನೇ ತುಂಬುವುದೆಂದು ಗೊತ್ತುಮಾಡಿದರು. ಹೀಗೆ ಮನೆಮನೆಗೆ ಹೋದವರು ಹಣದ ಜೊತೆ ಸುದ್ದಿಯನ್ನೂ ತಂದರು: ಒಬ್ಬ ಹೆಂಡತಿಯೊಡನೆ ಜಗಳವಾಡುತ್ತಿದ್ದ, ಇನ್ನೊಬ್ಬ ಕುಡಿದಿದ್ದ. ಬಹಳ ದಿನದಿಂದ ಹುಡುಕುತ್ತಿದ್ದದ್ದು ಇದೇ ಎಂದು ವೆಸ್ಲಿಯವರಿಗೆ ಹೊಳೆಯಿತು. ಅಂದಿನಿಂದ ಆ ಹನ್ನೆರಡು ಜನರ ಕೂಟಕ್ಕೆ 'ಕ್ಲಾಸ್' ಎಂದೂ, ಹಣ ಎತ್ತುತ್ತಿದ್ದವನಿಗೆ 'ಕ್ಲಾಸ್ ಲೀಡರ್' ಎಂದೂ ಹೆಸರಾಯಿತು. ವಾರಕ್ಕೊಮ್ಮೆ ಒಬ್ಬರ ಕ್ಷೇಮವನ್ನು ಒಬ್ಬರು ವಿಚಾರಿಸುವುದು ಸಾಮಾನ್ಯ ಸಭಿಕರ ಕೆಲಸವೇ ಆಯಿತು. ನನ್ನ ಮಟ್ಟಿಗೆ ಮೆಥೋಡಿಸ್ಟ್ ಎಂಬ ಮಾತಿನ ತಿರುಳು ಇಲ್ಲಿದೆ, ಐಕ್ಯದ ನಂತರ ನಮ್ಮ ಸಭೆಗಳು ಸಡಿಲ ಬಿಟ್ಟಿದ್ದೂ ಇದನ್ನೇ ಎಂದು ನನಗೆ ಸಂಕಟವಿದೆ. ಎಲ್ಲವನ್ನೂ ಅಯ್ಯನವರ ಹೆಗಲಿಗೆ ಹೊರಿಸಿ, ಅವರು ಹೋದಾಗ ಅನಾಥರಾದೆವು ಎನ್ನುತ್ತೇವೆ.

ಪೂರ್ತಿ ಬಿಟ್ಟಿಲ್ಲ ಎಂಬುದೂ ನಿಜ. ಮಂಡ್ಯ ಕಡೆಯ ಹಳ್ಳಿಯ ದೇವಾಲಯವೊಂದರ ಸುಗ್ಗಿ ಹಬ್ಬಕ್ಕೆ ನಾನು ಹೋಗಿದ್ದೆ. ಬಾಗಿಲಿನ ಎರಡೂ ಕಡೆ ಕಬ್ಬಿನ ಜಲ್ಲೆ ಕಟ್ಟಿದ್ದರು. ಪೀಠದ ಮುಂದೆ ರಾಗಿ ಚೀಲ, ಕುಂಬಳಕಾಯಿ, ಬೆಲ್ಲದ ಅಚ್ಚು, ಕಾಲು ಕಟ್ಟಿದ ಎರಡು ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ತೆಂಗಿನಕಾಯಿಯನ್ನು ಕೂಗಿ ಕೊಂಡವರು ದುಡ್ಡು ಕೊಟ್ಟು ಕಾಯನ್ನು ಮತ್ತೆ ಹರಾಜಿಗೇ ಇಟ್ಟರು, ಅದು ಹೀಗೆ ನಾಲ್ಕು ಕೈ ದಾಟಿತು. ಕೊನೆಗೆ ಕೊಂಡ ಹೆಂಗಸು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ದೇವಾಲಯಕ್ಕೆ ಬರಲಾಗದ ಮುದುಕಿಯೊಬ್ಬರ ಮನೆಯ ಕಡೆ ನಡೆದರು. ಅವರನ್ನು ಹೋಗೆಂದು ಯಾರೂ ಹೇಳಿರಲಿಲ್ಲ. ತಮ್ಮ ತಾಯಿಯವರಿಗೂ ಅಂಥವರು ನಾಲ್ಕು ಜನ ಬೇಕು. ತಮ್ಮ ಬೀದಿಯ ಸಭಿಕರನ್ನು ಒಮ್ಮೆ ಕೇಳಿ ನೋಡಿ, ಹೊಸ ಅಯ್ಯನವರಿಗೂ ಮನೆಯ ದಾರಿಯನ್ನು ತಾವೇ ತೋರಿಸಿ.

ಮಗನ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಮತ್ತೆ ದೀಕ್ಷಾಸ್ನಾನ ಬೇಕಿಲ್ಲ. ನಾವು ದೇವರನ್ನು ಅರಿಯುವ ಮುಂಚೆಯೇ ದೇವರ ಕೃಪೆ ನಮ್ಮತ್ತ ಹೊರಟಿರುತ್ತದೆ ಎಂಬುದು ವೆಸ್ಲಿಯವರ ಬೋಧನೆಯ ಬುನಾದಿ. ಮಾತು ಬಾರದ ಶಿಶುವಿಗೆ ಕೊಡುವ ದೀಕ್ಷಾಸ್ನಾನ ಅದನ್ನೇ ಸಾರುತ್ತದೆ. ಆ ಕೃಪೆಗೆ ಒಪ್ಪುವುದೋ ಬಿಡುವುದೋ ಬೆಳೆದವನ ಸ್ವಾತಂತ್ರ್ಯ, ಒಪ್ಪಿದವನು ಪರಿಶುದ್ಧತೆಯಲ್ಲಿ ದಿನೇ ದಿನೇ ಬೆಳೆಯಬೇಕೆಂದೂ ಅವರು ಒತ್ತಿ ಹೇಳಿದರು. ತನ್ನ ಬಾಯಿಂದಲೇ ನಂಬಿಕೆಯನ್ನು ಅರಿಕೆ ಮಾಡಬೇಕೆಂಬ ಆಸೆ ಹುಡುಗನಿಗಿದ್ದರೆ ಅದು ಒಳ್ಳೆಯ ಆಸೆ, ಅದನ್ನು ಗದರಿಸಬೇಡಿ. ಅದಕ್ಕೆಂದೇ ಇರುವ ವಿಧಿಯಾದ ದೃಢೀಕರಣ ಆಗಿಲ್ಲದಿದ್ದರೆ ಅಯ್ಯನವರ ಬಳಿ ಅದರ ಪಾಠಕ್ಕೆ ಕಳಿಸಿ. ಆಗಿದ್ದರೆ, ವೆಸ್ಲಿಯವರು 1755ರಲ್ಲಿ ಆರಂಭಿಸಿದ, ಹೊಸ ವರ್ಷದ ಹೊತ್ತಿಗೆ ನಡೆಸುವ ಒಡಂಬಡಿಕೆಯ ಆರಾಧನೆಗೆ ಕರೆದುಕೊಂಡು ಹೋಗಿ. ನಾನಿನ್ನು ನನ್ನವನಲ್ಲ, ನಿನ್ನವನು, ನಿನಗೆ ಬೇಕಾದ ಕೆಲಸಕ್ಕೆ ನನ್ನನ್ನು ಹಚ್ಚು ಎಂದು ಅಲ್ಲಿ ಇಡೀ ಸಭೆ ಎದ್ದು ನಿಂತು ಹೇಳುವಾಗ ಅವನೂ ತಮ್ಮ ಪಕ್ಕದಲ್ಲಿ ನಿಂತು ಹೇಳಲಿ.

— ಸಂಪಾದಕ