ಹೆಜ್ಜೆಗಳ ಬಾಕಿ: ದಾಲ್ ಮಿಲ್ಲಿನ ಮುನೀಮರೊಬ್ಬರ ಪ್ರಕರಣ

ಇದು ಕಲಬುರಗಿಯ ಒಬ್ಬ ಮುನೀಮರ ವಿಷಯ. ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಹೆಸರು ಹಾಕಿಲ್ಲ, ಮುನೀಮರು ಅಂತಲೇ ಕರೆಯುತ್ತೇನೆ. ತೂಕ ಇಳಿಸಬೇಕು ಅಂತ ಕೈಗೆ ಹೆಜ್ಜೆ ಎಣಿಸುವ ವಾಚ್ ಕಟ್ಟಿಕೊಂಡು, ಕೆಲವೇ ತಿಂಗಳಲ್ಲಿ ಆ ವಾಚ್ ನೋಡಿದರೇ ಮನಸ್ಸು ಕುಗ್ಗುವ ಹಂತಕ್ಕೆ ಬಂದವರು ಈಗ ಸಲಹೆ ಕೇಳಿಕೊಂಡು ನನ್ನ ಬಳಿ ಆಗಾಗ ಬರುತ್ತಾರೆ. ಅಂಥವರಿಗೆ ಇದು ಉಪಯೋಗಕ್ಕೆ ಬರಲಿ.

ಮುನೀಮರಿಗೆ ನಲವತ್ತೇಳು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ, ಬೆಳಿಗ್ಗೆ ಹತ್ತರಿಂದ ರಾತ್ರಿಯವರೆಗೆ ಕುರ್ಚಿ. ಎತ್ತರ 168 ಸೆಂ.ಮೀ., ತೂಕ 86 ಕಿಲೋ, ಹೊಟ್ಟೆಯ ಸುತ್ತಳತೆ 104 ಸೆಂ.ಮೀ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 30 ದಾಟಿತ್ತು. ನಮ್ಮ ದೇಶದವರಿಗೆ 25ಕ್ಕೇ ಬೊಜ್ಜು ಅಂತ ಲೆಕ್ಕ, ಗಂಡಸರ ಹೊಟ್ಟೆ 90 ಸೆಂ.ಮೀ. ಒಳಗಿರಬೇಕು ಅಂತಾರೆ ವೈದ್ಯರು. ಮೂರು ತಿಂಗಳ ಸಕ್ಕರೆಯ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಇನ್ನೂ ಬಂದಿಲ್ಲ, ಆದರೆ ಸುಮ್ನೆ ಬಿಟ್ಟರೆ ಬರಬಹುದು ಅಂತ ಅರ್ಥ. ನಡೆಯಿರಿ, ತೂಕ ಇಳಿಸಿ ಅಂದರು ವೈದ್ಯರು. ಅದೇ ವಾರ ಸೋದರಳಿಯ ಒಂದು ವಾಚ್ ತಂದುಕೊಟ್ಟ.

ಅವರನ್ನು ಕರೆದುಕೊಂಡು ಬಂದಿದ್ದು ಹೆಂಡತಿ. ಮೊದಲು ಮಾತಾಡಿದ್ದೂ ಅವರೇ. "ಮೇಡಂ, ಇವ್ರು ರಾತ್ರಿ ಹನ್ನೊಂದಕ್ಕ ಮಾಳಗಿ ಮ್ಯಾಲ ತಿರಗ್ತಾರ್ರಿ. ಕೇಳಿದ್ರ ಸಿಟ್ಟಿಗಿ ಬರ್ತಾರ. ಮಕ್ಕಳ ಜೋಡಿ ಮಾತೇ ಕಮ್ಮಿ ಆಗ್ಯದ." ಮುನೀಮರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟರು.

ಅದರಲ್ಲಿತ್ತು ನೋಡಿ ನಿಜವಾದ ಸಮಸ್ಯೆ. ದಿನಕ್ಕೆ 10,000 ಹೆಜ್ಜೆ ಅಂತ ವಾಚ್ ಗುರಿ ಕೊಟ್ಟಿದೆ. ಒಂದು ದಿನ 6,000 ಆದರೆ ಉಳಿದ 4,000ವನ್ನು ಇವರು ಬಾಕಿ ಅಂತ ಬರೆದು ಮರುದಿನಕ್ಕೆ ಸೇರಿಸುತ್ತಿದ್ದರು. ಮರುದಿನದ ಗುರಿ 14,000. ಅದೂ ಆಗಲಿಲ್ಲ ಅಂದರೆ ಬಾಕಿ ಬೆಳೆಯುತ್ತದೆ. ತೊಗರಿಯ ಸೀಜನ್‌ನಲ್ಲಿ, ಎಪಿಎಂಸಿಗೆ ಆವಕ ಜೋರಾಗಿ ಮಿಲ್ಲಿನಲ್ಲಿ ತಲೆ ಎತ್ತಲು ಪುರಸೊತ್ತಿಲ್ಲದ ದಿನಗಳಲ್ಲಿ, ಬಾಕಿ ಲಕ್ಷ ದಾಟಿತ್ತು. ಜೀವನವಿಡೀ ಯಾರಿಗೂ ಒಂದು ರೂಪಾಯಿ ಬಾಕಿ ಉಳಿಸಿಕೊಳ್ಳದ ಮನುಷ್ಯ, ತನ್ನ ದೇಹಕ್ಕೆ ಒಂದು ಲಕ್ಷ ಹೆಜ್ಜೆ ಬಾಕಿ ಇದ್ದೇನೆ ಅಂತ ಮಲಗುತ್ತಿದ್ದರು, ನಿದ್ದೆ ಹೇಗೆ ಬರಬೇಕು ಹೇಳಿ.

ಎರಡನೇ ಭೇಟಿಗೆ ಒಬ್ಬರೇ ಬಂದರು. ಕುರ್ಚಿಯಲ್ಲಿ ಕೂತು ವಾಚ್ ಕಟ್ಟಿದ ಕೈಯನ್ನು ಅಲ್ಲಾಡಿಸಿ ಹೆಜ್ಜೆ ಏರಿಸಿದ್ದನ್ನು ಆಗ ಹೇಳಿದರು. ಮಿಲ್ಲಿನ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಮಾಡಿದವರಲ್ಲ. ಅದನ್ನು ಹೇಳುವಾಗ ಕಣ್ಣು ತುಂಬಿತ್ತು. ಜತೆಗೆ ಅಣ್ಣನ ವಿಷಯವೂ ಬಂತು. ಅಣ್ಣನಿಗೆ ಶುಗರ್‌ನಿಂದ ಕಾಲಿನ ಬೆರಳು ತೆಗೆಯಬೇಕಾಗಿ ಬಂದಿತ್ತು, ಆಸ್ಪತ್ರೆಯಲ್ಲಿ ಜತೆಗಿದ್ದವರು ಇವರೇ. ರಾತ್ರಿ ಮಾಳಿಗೆ ಮೇಲೆ ಅವರನ್ನು ತಿರುಗಾಡಿಸುತ್ತಿದ್ದದ್ದು ಈ ಭಯ. ವಾಚ್ ಅದಕ್ಕೊಂದು ಅಂಕಿ ಕೊಟ್ಟಿತ್ತು ಅಷ್ಟೇ. ಭಯದಿಂದ ಶುರುವಾದ ಶಿಸ್ತು ಸ್ವಲ್ಪ ದಿನ ಜೋರಾಗಿ ನಡೆಯುತ್ತದೆ, ಆಮೇಲೆ ಮನುಷ್ಯನನ್ನೇ ಹಣ್ಣು ಮಾಡುತ್ತದೆ. ನಾನು ಇದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ.

ನಾನು ಅವರನ್ನು ಕೇಳಿದ್ದು ಒಂದೇ: ಈ ಹತ್ತು ಸಾವಿರ ಅಂತ ನಿಮಗೆ ಹೇಳಿದವರು ಯಾರು? ವೈದ್ಯರು ಹೇಳಿರಲಿಲ್ಲ. ವಾಚ್‌ನಲ್ಲಿ ಅದು ಮೊದಲೇ ಇತ್ತು. ಆ ಅಂಕಿಯ ಮೂಲ ಜಪಾನು. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ, 1965ರಲ್ಲಿ, ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರವನ್ನು ಹತ್ತು ಸಾವಿರದ ಹೆಸರಿನಲ್ಲೇ ಮಾರಾಟಕ್ಕೆ ತಂದಿತು. ಮಾರಾಟದ ಅಂಕಿ ಅದು, ಚಿಕಿತ್ಸೆಯ ಅಂಕಿಯಲ್ಲ. ಅಮೆರಿಕದಲ್ಲಿ ವಯಸ್ಸಾದ ಹೆಂಗಸರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು, 7,500ರ ಆಸುಪಾಸಿಗೆ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಮುನೀಮರ ವಯಸ್ಸಿನವರಿಗೆ ಇದೇ ಅಂಕಿ ಅಂತ ನಾನು ಹೇಳಲಿಲ್ಲ. ಹತ್ತು ಸಾವಿರಕ್ಕೆ ಒಂದು ಕಡಿಮೆಯಾದರೂ ಸೋತಂತೆ ಅನ್ನುವ ಲೆಕ್ಕಕ್ಕೆ ಆಧಾರವಿಲ್ಲ ಅಂತ ತೋರಿಸಿದೆ.

ಆಮೇಲೆ ಒಂದು ಪರೀಕ್ಷೆ ಮಾಡಿ ಬನ್ನಿ ಅಂದೆ. ಭಾನುವಾರ ಹೆಂಡತಿ ರೊಟ್ಟಿ ಬಡಿಯುವಾಗ ಆ ವಾಚ್ ಅವರ ಕೈಗೆ ಕಟ್ಟಿ. ಜೋಳದ ರೊಟ್ಟಿ ಬಡಿಯುವ ಕೈ ತಾಳ ಹಾಕಿದ ಹಾಗೆ ಒಂದೇ ಸಮನೆ ಆಡುತ್ತದೆ, ಅಲ್ವಾ? ವಾಚ್‌ಗೆ ಗೊತ್ತಾಗುವುದು ಕೈಯ ಚಲನೆ ಮಾತ್ರ, ಕಾಲು ಅದಕ್ಕೆ ಕಾಣುವುದಿಲ್ಲ. ಮನೆಮಂದಿಗೆಲ್ಲ ಸಾಕಾಗುವಷ್ಟು ರೊಟ್ಟಿ ಆಗುವಷ್ಟರಲ್ಲಿ, ಒಲೆ ಮುಂದಿನಿಂದ ಕದಲದೆಯೇ, ನೂರಾರು ಹೆಜ್ಜೆ ಏರಿತ್ತಂತೆ. ಅದೇ ವಾಚ್ ಕಟ್ಟಿದ ಕೈಯಲ್ಲಿ ತರಕಾರಿ ಚೀಲ ಹಿಡಿದು ಸೂಪರ್ ಮಾರ್ಕೆಟ್ ಸುತ್ತಿದರೆ, ಕೈ ಆಡದ ಕಾರಣ ಎಣಿಕೆ ಕಡಿಮೆ ಬರುತ್ತದೆ. ಮುಂದಿನ ಸಲ ಬಂದಾಗ ಮುನೀಮರು ಕೇಳಿದರು, "ಹಂಗಾರ ನಾ ಇಷ್ಟು ದಿನಾ ಯಾರಿಗಿ ಬಾಕಿ ಇದ್ದೆರಿ ಮೇಡಂ?" ಆ ನೋಟ್‌ಬುಕ್‌ನ ಬಾಕಿಯ ಪುಟವನ್ನು ಅವರೇ ಗೀಟು ಹಾಕಿ ಹೊಡೆದು ಹಾಕಿದರು. ನಾನು ಹೇಳಿದ್ದಲ್ಲ.

ನಾನು ಕೊಟ್ಟ ಮೊದಲ ಸಲಹೆ ಇದು: ನಿನ್ನೆಯದನ್ನು ಇವತ್ತಿಗೆ ತರಬೇಡಿ. ದೇಹ ಕಿರ್ದಿ ಪುಸ್ತಕ ಅಲ್ಲ. ತಪ್ಪಿದ ದಿನ ತಪ್ಪಿತು, ಮರುದಿನ ಮಾಮೂಲಿ ಗುರಿಯಿಂದಲೇ ಶುರು. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಅಚ್ಚಾದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಹೆಚ್ಚುಕಡಿಮೆ 66 ದಿನ ಬೇಕಾಯಿತು. ಕೆಲವರಿಗೆ 18 ದಿನಕ್ಕೇ ಕೂಡಿಬಂತು, ಕೆಲವರಿಗೆ 254 ದಿನ ಬೇಕು ಅನ್ನುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. 21 ದಿನದಲ್ಲಿ ಬದುಕು ಬದಲಾಗುತ್ತದೆ ಅನ್ನುವವರ ಮಾತು ಕೇಳಿ 22ನೇ ದಿನಕ್ಕೆ ಕೈಚೆಲ್ಲಿದವರ ಬಗ್ಗೆ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ಎರಡು ವಾರ ಯಾವ ಗುರಿಯೂ ಬೇಡ ಅಂದೆ. ವಾಚ್ ಕಟ್ಟಿಕೊಳ್ಳಿ, ದಿನದಲ್ಲಿ ನೋಡಬೇಡಿ, ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ನೋಡಿ ಬರೆದಿಡಿ. ನಡೆದಾಗ ಸುಟ್ಟ ಕ್ಯಾಲೊರಿ ಅಂತ ತೋರಿಸುವುದನ್ನು ಪೂರಾ ತೆಗೆದುಬಿಡಿ. ಇದನ್ನು ಒತ್ತಿ ಹೇಳಿದೆ, ಯಾಕೆಂದರೆ ಮುನೀಮರು ವಾಚ್‌ನಲ್ಲಿ 400 ಕ್ಯಾಲೊರಿ ಖರ್ಚು ಅಂತ ಕಂಡರೆ ಅಷ್ಟನ್ನು ತಿನ್ನಬಹುದು ಅಂತ ಜಮಾ ಹಿಡಿಯುತ್ತಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ 2017ರಲ್ಲಿ ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಎದೆಬಡಿತವನ್ನು ಹೆಚ್ಚಿನವು ಸರಿಯಾಗಿಯೇ ತೋರಿಸಿದವು. ಕ್ಯಾಲೊರಿಯಲ್ಲಿ ಮಾತ್ರ ಇದ್ದುದರಲ್ಲಿ ಒಳ್ಳೆಯದೇ ಸರಾಸರಿ 27 ಶೇಕಡಾ ತಪ್ಪಿತು, ಕೆಟ್ಟದ್ದು 93 ಶೇಕಡಾ. ಇಂಥ ಅಂಕಿಯನ್ನು ನಂಬಿ ಭಜಿ ತಿಂದರೆ ತೂಕ ಇಳಿಯುವುದಾದರೂ ಹೇಗೆ?

ಇದರ ಜತೆ ಇನ್ನೊಂದು ಕಾಗದ. ಏನು ತಿಂದಿರಿ ಅನ್ನುವುದಕ್ಕಿಂತ, ಎಷ್ಟು ಗಂಟೆಗೆ ತಿಂದಿರಿ, ಆಗ ಪಕ್ಕದಲ್ಲಿ ಯಾರಿದ್ದರು, ತಿನ್ನುವ ಮುಂಚೆ ಮನಸ್ಸು ಹೇಗಿತ್ತು, ಇಷ್ಟನ್ನು ಬರೆಯಿರಿ ಅಂದೆ. ಲೆಕ್ಕದವರಲ್ವಾ, ಎಷ್ಟು ಚೆನ್ನಾಗಿ ಬರೆದುಕೊಂಡು ಬಂದರು ಅಂದರೆ ನನ್ನ ಅರ್ಧ ಕೆಲಸ ಅವರೇ ಮಾಡಿದ್ದರು. ಬೆಳಗಿನ ಉಪಾಹಾರ ಸರಿ ಇತ್ತು. ಮಧ್ಯಾಹ್ನದ ಡಬ್ಬಿ, ಎರಡು ರೊಟ್ಟಿ, ಪುಂಡಿ ಪಲ್ಯ, ಬೇಳೆ, ಅದೂ ಸರಿ. ಕೆಡುತ್ತಿದ್ದದ್ದು ಸಂಜೆ ಐದರಿಂದ ಹತ್ತು. ಮಿಲ್ಲಿಗೆ ಚಹಾ ಬರುತ್ತದೆ, ವ್ಯಾಪಾರಿ ಬಂದರೆ ಮತ್ತೆ ಚಹಾ, ದಿನಕ್ಕೆ ಐದಾರು ಕಪ್, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಬರೀ ಸಕ್ಕರೆಯಲ್ಲೇ 200 ಕ್ಯಾಲೊರಿ. ಆರು ಗಂಟೆಗೆ ಮಿರ್ಚಿ ಭಜಿ. ನೋಡಬೇಡಿ ಅಂದಿದ್ದರೂ ಅಷ್ಟರಲ್ಲಿ ವಾಚ್ ನೋಡುತ್ತಾರೆ, 3,000 ಕೂಡ ಆಗಿಲ್ಲ, ಇವತ್ತಿನ ದಿನ ಹೇಗೂ ಕೆಟ್ಟಿತು ಅಂತ ಇನ್ನೂ ಎರಡು ಭಜಿ. ರಾತ್ರಿ ತಡವಾಗಿ ಊಟ, ಅದರಲ್ಲಿ ಶೇಂಗಾ ಹಿಂಡಿಗೆ ಹಸಿ ಎಣ್ಣೆ ಧಾರಾಳ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಆಮೇಲೆ ಮಾಳಿಗೆ.

ವಾಚ್ ಕೊಟ್ಟ ಮಾಹಿತಿಯೂ ಇಲ್ಲಿ ಉಪಯೋಗಕ್ಕೆ ಬಂತು, ಅದನ್ನು ಮರೆಯಬಾರದು. ಗಂಟೆಗಂಟೆಯ ನಕ್ಷೆಯಲ್ಲಿ ಹತ್ತರಿಂದ ಆರರವರೆಗೆ ಹೆಚ್ಚುಕಡಿಮೆ ಖಾಲಿ. ಎರಡು ವಾರದ ಸರಾಸರಿ ಸುಮಾರು 3,500. ನಡಿಗೆ ಇಲ್ಲದ ಹೊತ್ತು ಯಾವುದು ಅಂತ ತೋರಿಸುವುದರಲ್ಲಿ ವಾಚ್ ಬಲು ಒಳ್ಳೆಯದು. ಆದರೆ ತೂಕ ಇಳಿಸುವುದು ಅದರ ಕೈಯಲ್ಲಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 471 ಯುವಜನರನ್ನು ಎರಡು ವರ್ಷ ನೋಡಿದರು, ಊಟ-ವ್ಯಾಯಾಮದ ಸಲಹೆ ಎಲ್ಲರಿಗೂ ಇತ್ತು, ಅರ್ಧ ಜನರಿಗೆ ತೋಳಿಗೆ ಕಟ್ಟುವ ಸಾಧನ ಕೊಟ್ಟರು. 2016ರಲ್ಲಿ ಫಲಿತಾಂಶ ಬಂದಾಗ ಸಾಧನ ಇದ್ದವರು ಸರಾಸರಿ 3.5 ಕಿಲೋ ಇಳಿದಿದ್ದರು, ಇಲ್ಲದವರು 5.9 ಕಿಲೋ.

ಹೊಸ ಗುರಿ: 3,500ಕ್ಕೆ ಒಂದು ಸಾವಿರ ಸೇರಿಸಿ. ಅಷ್ಟೇನಾ ಅಂದರು. ಅಷ್ಟೇ. ಸಾವಿರ ಹೆಜ್ಜೆ ಅಂದರೆ ಹತ್ತು ನಿಮಿಷ. ಅದು ಯಾವಾಗ ಅಂತ ನಾವಿಬ್ಬರೂ ಕೂತು ಗೊತ್ತು ಮಾಡಿದೆವು. ಮಧ್ಯಾಹ್ನ ಡಬ್ಬಿ ತೊಳೆದ ತಕ್ಷಣ ಗೋದಾಮಿನ ನೆರಳಲ್ಲಿ ಹತ್ತು ನಿಮಿಷ. ಟೈಮ್ ಸಿಕ್ಕಾಗ ನಡೆಯುತ್ತೇನೆ ಅಂದರೆ ಆಗುವುದಿಲ್ಲ, ಡಬ್ಬಿ ತೊಳೆದ ಮೇಲೆ ಅಂದರೆ ಆಗುತ್ತದೆ, ಏಕೆಂದರೆ ಡಬ್ಬಿ ದಿನಾ ತೊಳೆಯಲೇಬೇಕು. ಮುಂದಿನ ತಿಂಗಳು ಇನ್ನೊಂದು ಸೇರಿಸಿದೆವು. ಸೋಮವಾರ, ಗುರುವಾರ ಶರಣಬಸವೇಶ್ವರ ಗುಡಿಗೆ ಬೈಕ್ ಮೇಲೆ ಹೋಗುತ್ತಿದ್ದವರು ನಡೆದು ಹೋಗಬೇಕು, ಬರುವಾಗ ಅಪ್ಪನ ಕೆರೆಯ ಕಡೆಯಿಂದ ಸುತ್ತಿ ಬರಬೇಕು, ಹೆಂಡತಿಯೂ ಜತೆಗೆ. ಏಪ್ರಿಲ್-ಮೇಯಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಹಾಗಾಗಿ ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ರಾತ್ರಿ ಒಂಬತ್ತರ ನಂತರ ಹೆಜ್ಜೆ ಎಣಿಸುವುದು ಬಂದ್. ನಿದ್ದೆಗೆಟ್ಟರೆ ಮರುದಿನ ಹಸಿವು ಜಾಸ್ತಿ, ಸಿಹಿ-ಎಣ್ಣೆಯ ಕಡೆಗೆ ಸೆಳೆತವೂ ಜಾಸ್ತಿ. ಗೊರಕೆ ಜೋರು ಅಂತ ಹೆಂಡತಿ ಹೇಳಿದ್ದರಿಂದ ಅದನ್ನೂ ವೈದ್ಯರಿಗೆ ತೋರಿಸಲು ಹೇಳಿದೆ.

ಊಟದ ವಿಷಯಕ್ಕೆ ಬಂದರೆ, ಯಾರದೋ ಮಾತು ಕೇಳಿ ಅವರು ರಾತ್ರಿ ರೊಟ್ಟಿ ಬಿಟ್ಟು ಓಟ್ಸ್ ತಿನ್ನಲು ನೋಡಿದ್ದರು, ನಾಲ್ಕು ದಿನಕ್ಕೇ ಸಾಕಾಗಿತ್ತು. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪು ಬಿಡಬೇಡಿ ಅಂದೆ. ನಮ್ಮ ಭಾಗದ ಊಟ ಚೆನ್ನಾಗಿಯೇ ಇದೆ, ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿಕೊಳ್ಳಿ. ಚಹಾ ಮೂರಕ್ಕೆ ಇಳಿಸಿ, ಸಕ್ಕರೆ ಅರ್ಧ ಚಮಚ. ಐದು ಗಂಟೆಗೆ, ಭಜಿ ಬರುವ ಮುಂಚೆಯೇ, ಒಂದು ಮುಷ್ಟಿ ಪುಟಾಣಿ, ಅಂದರೆ ಹುರಿಗಡಲೆ, ತಿನ್ನಿ. ಭಜಿ ಬೇಡವೇ ಬೇಡ ಅಂತ ನಾನು ಹೇಳಲಿಲ್ಲ. ಶನಿವಾರ ತಿನ್ನಿ, ಗೆಳೆಯರ ಜತೆ ಕೂತು, ಖುಷಿಯಿಂದ.

ಹೆಂಡತಿಗೂ ಒಂದು ಮಾತು ಹೇಳಿದೆ. "ಇವತ್ತ ಎಷ್ಟ ಆಯ್ತು?" ಅಂತ ಕೇಳುವುದನ್ನು ನಿಲ್ಲಿಸಿ. ಅಕ್ಕರೆಯಿಂದಲೇ ಕೇಳುತ್ತಿದ್ದರು, ಆದರೆ ಅವರ ಕಿವಿಗೆ ಅದು ಸಾಲ ಕೇಳಿದ ಹಾಗೆ ಬೀಳುತ್ತಿತ್ತು.

ತೂಕ ವಾರಕ್ಕೆ ಒಂದೇ ಸಲ, ಸೋಮವಾರ ಬೆಳಿಗ್ಗೆ. ಉಪ್ಪು, ನೀರು, ಹೊಟ್ಟೆ ಖಾಲಿಯಾದದ್ದು ಬಿಟ್ಟದ್ದು, ಇಷ್ಟರಿಂದಲೇ ಒಂದೆರಡು ಕಿಲೋ ಆಚೀಚೆ ಆಗುತ್ತದೆ, ದಿನಾ ನೋಡಿದರೆ ಇವರಂಥವರಿಗೆ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ಟೇಪಿನಿಂದ ಹೊಟ್ಟೆ ಅಳತೆ. ಗುರಿ 70 ಕಿಲೋ ಅಂತ ಬರೆದಿದ್ದರು, ಅದನ್ನು 80ಕ್ಕೆ ತಂದೆ. ಅಮೆರಿಕದಲ್ಲಿ ಶುಗರ್ ಬರುವ ಅಪಾಯ ಇದ್ದವರ ಮೇಲೆ ನಡೆದ ದೊಡ್ಡ ಪ್ರಯೋಗದ ವರದಿ 2002ರಲ್ಲಿ ಬಂತು. ಅಲ್ಲಿ ಕೊಟ್ಟಿದ್ದ ಗುರಿ ತೂಕದ 7 ಶೇಕಡಾ ಇಳಿಸುವುದು, ವಾರಕ್ಕೆ 150 ನಿಮಿಷದ ನಡಿಗೆ. ಆ ಗುಂಪಿನಲ್ಲಿ ಶುಗರ್ ಬಂದವರು 58 ಶೇಕಡಾ ಕಡಿಮೆ. ಮುನೀಮರಿಗೆ 7 ಶೇಕಡಾ ಅಂದರೆ ಆರು ಕಿಲೋ. ಅಣ್ಣನ ಭಯಕ್ಕೆ ನಾನು ಕೊಡಬಹುದಾಗಿದ್ದ ನಿಜವಾದ ಉತ್ತರ ಇದೇ ಆಗಿತ್ತು, ಆ ದಿನ ಅವರ ಮುಖ ಸಡಿಲವಾದದ್ದನ್ನು ನೋಡಿದೆ.

ಏಳು ತಿಂಗಳಾದ ಮೇಲೆ ತೂಕ 81, ಹೊಟ್ಟೆ 97, ಸಕ್ಕರೆ 5.8. ದಿನದ ಸರಾಸರಿ 6,500ರ ಆಸುಪಾಸು. ಮುಂದೆ ಎಳ್ಳ ಅಮಾವಾಸ್ಯೆ, ಅದರ ಬೆನ್ನಿಗೇ ತೊಗರಿ ಸೀಜನ್ ಬಂದು ಒಂದೂವರೆ ಕಿಲೋ ಏರಿತು. ಫೋನ್ ಮಾಡಿ ಹೇಳಿದರು, ಆದರೆ ದನಿಯಲ್ಲಿ ಮೊದಲಿನ ಗಾಬರಿ ಇರಲಿಲ್ಲ. ಸೀಜನ್ ಮುಗಿಯುವವರೆಗೆ ಡಬ್ಬಿಯ ನಂತರದ ಹತ್ತು ನಿಮಿಷ ಒಂದನ್ನೇ ಕೈಬಿಡಬೇಡಿ, ಉಳಿದದ್ದು ಆಮೇಲೆ ನೋಡೋಣ ಅಂದೆ.

ಓದುವವರಿಗೆ ಒಂದು ಎಚ್ಚರಿಕೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ, ನಡಿಗೆ ಎರಡನ್ನೂ ಒಮ್ಮೆಲೇ ಬದಲಿಸಬೇಡಿ, ಸಕ್ಕರೆ ದಿಢೀರಂತ ಇಳಿಯಬಹುದು. ನಡೆಯುವಾಗ ಎದೆ ಹಿಡಿದಂತಾದರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ತಿಂದದ್ದಕ್ಕೆ ಶಿಕ್ಷೆ ಅಂತ ನಡೆಯುವುದು, ಅಂಕಿ ಮುಗಿಯದಿದ್ದರೆ ಊಟ ಬಿಡುವುದು ಶುರುವಾಗಿದ್ದರೆ ವಾಚ್ ತೆಗೆದಿಟ್ಟು ಯಾರ ಹತ್ತಿರವಾದರೂ ಮಾತಾಡಿ.

ಮೊನ್ನೆ ಬಂದಾಗ ಮುನೀಮರು ಮಗಳ ವಿಷಯ ಎತ್ತಿದರು. ಪಿಯುಸಿ ಓದುವ ಹುಡುಗಿ, ತನಗೂ ಅಂಥದೇ ವಾಚ್ ಬೇಕು ಅಂತಿದ್ದಾಳಂತೆ, ಗೆಳತಿಯರ ಬಳಿ ಇದೆಯಂತೆ. ಇದರಲ್ಲಿ ನಾನು ಬಿಗಿ. ಬೆಳೆಯುವ ಮಕ್ಕಳ ಕೈಗೆ ಕ್ಯಾಲೊರಿ ಎಣಿಕೆ ಕೊಡಬೇಡಿ, ಆಟ ಆಡಲಿ, ಸೈಕಲ್ ಹೊಡೆಯಲಿ. ಊಟ ಕಡಿಮೆ ಮಾಡಿದ್ದಾಳಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಬೆಳಿಗ್ಗೆ ತಿನ್ನದೇ ಕಾಲೇಜಿಗೆ ಹೋಗುತ್ತಾಳೆ ಅಂದರು. ಮುಂದಿನ ವಾರ ಅವಳನ್ನೂ ಕರೆದುಕೊಂಡು ಬರುತ್ತಾರೆ.