ಸ್ವಂತ ಅಂಗಡಿ ಹಾಕಿದ ಮೇಲೆ ನಿದ್ದೆ ಬಾರದಿದ್ದರೆ

ಫ್ಯಾಕ್ಟರಿ ಕೆಲಸ ಬಿಟ್ಟು ಅಂಗಡಿ ಹಾಕಿದೆ, ದುಡಿಮೆ ಜಾಸ್ತಿಯಾದರೂ ನಿದ್ದೆ ಬರ್ತಿಲ್ಲ, ಪಿಎಫ್ ತೆಗೆದು ಅಂಗಡಿಗೆ ಹಾಕಲಾ ಅಂತ ಕೇಳಿದ್ದೀರಿ. ಕಾರಣ ಬಹುಶಃ ವ್ಯಾಪಾರವಲ್ಲ. ಫ್ಯಾಕ್ಟರಿಯಲ್ಲಿದ್ದಾಗ ಪಿಎಫ್, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ), ಸಂಬಳದ ರಜೆ ಎಲ್ಲ ತಾನಾಗೇ ಸಿಗುತ್ತಿತ್ತು. ಕಾಯಿಲೆ ಬಿದ್ದರೆ ಇಎಸ್‌ಐ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಕೊಡುತ್ತದೆ. ಈಗ ಷಟರ್ ಇಳಿದ ದಿನ ಗಲ್ಲಾ ಖಾಲಿ, ಅಲ್ವಾ?

ಮೊದಲನೆಯದಾಗಿ, ಪಿಎಫ್ ಮುಟ್ಟಬೇಡಿ. ಎಷ್ಟು ವರ್ಷ ಕೆಲಸ ಮಾಡಿದ್ದಿರಿ ಅಂತ ನೀವು ಬರೆದಿಲ್ಲ. ಪಿಎಫ್ ಜೊತೆಗೇ ಪಿಂಚಣಿ ಯೋಜನೆಯೂ ಇರುತ್ತದೆ, ಅದರಲ್ಲಿ 10 ವರ್ಷ ತುಂಬಿದ್ದರೆ 58ನೇ ವಯಸ್ಸಿಗೆ ಪಿಂಚಣಿ ಬರುತ್ತದೆ. ತುಂಬಿಲ್ಲದಿದ್ದರೆ ಪಿಎಫ್ ಕಚೇರಿಗೆ 10ಸಿ ಫಾರ್ಮ್ ಕೊಟ್ಟು, ಪಿಂಚಣಿ ಹಣ ವಾಪಸ್ ಪಡೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ (ನೀವು ದುಡಿದ ವರ್ಷಗಳ ದಾಖಲೆ) ಕೇಳಿ. ಮುಂದೆ ಮತ್ತೆ ಕೆಲಸಕ್ಕೆ ಸೇರಿದರೆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ.

ಆಮೇಲೆ ಮನೆಯವರಿಗೆಲ್ಲ ಸೇರಿ ಆರೋಗ್ಯ ವಿಮೆ ಮಾಡಿಸಿ, ಈ ತಿಂಗಳೇ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಕೇಳಿ, ಅದು 2 ಲಕ್ಷದ ಅಪಘಾತ ವಿಮೆ.

ಅಂಗಡಿಗೆ ಹಣ ಬೇಕೇ ಬೇಕು ಅಂದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಕೊಂಡು ಬ್ಯಾಂಕಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಿಗುವ ಮುದ್ರಾ ಸಾಲ ಕೇಳಿ. ನೋಂದಣಿ ಪೂರ್ತಿ ಉಚಿತ, ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಕೊನೆಯದು ನನಗೆ ನಿಜಕ್ಕೂ ನಿದ್ದೆ ತಂದದ್ದು. ನನ್ನ ಟೈಲರಿಂಗ್ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ಹಳೇ ಬಿಸ್ಕತ್ ಡಬ್ಬಿ ಇದೆ. ಬಾಗಿಲು ಹಾಕುವ ಮುಂಚೆ ದಿನಾ 100 ರೂಪಾಯಿ ಅದಕ್ಕೆ ಹಾಕುತ್ತೇನೆ, ರಜೆಯ ಸಂಬಳ ಅಂತ. ಡೆಂಗಿ ಬಂದು 12 ದಿನ ಮಲಗಿದಾಗ ಬಾಡಿಗೆ ಕಟ್ಟಿದ್ದು ಅದರಿಂದಲೇ. ನೀವೂ ಇವತ್ತು ರಾತ್ರಿಯಿಂದಲೇ ಒಂದು ಡಬ್ಬಿ ಇಡಿ.